ದರ ಕೇಳಬೇಡಿ, ಪಟ್ಟಿ ಕೇಳಿ: ವಿದೇಶ ಪ್ರವಾಸಕ್ಕೆ ಫಾರೆಕ್ಸ್ ಕಾರ್ಡ್ ಆರಿಸುವ ಲೆಕ್ಕ

ಹಾವೇರಿಯಿಂದ ಅಕ್ಕ ಫೋನ್ ಮಾಡಿದ್ದಳು. ಮೇ ರಜೆಗೆ ಅವಳು, ಮಾಮಾ, ಇಬ್ಬರು ಮಕ್ಕಳು ಸಿಂಗಾಪುರಕ್ಕೆ ಹೊರಟಿದ್ದಾರೆ. ಒಟ್ಟು ಏಳು ದಿನ, ಅದರಲ್ಲಿ ಎರಡು ದಿನ ಮಲೇಷ್ಯಾ. ಟಿಕೆಟ್ ಆಗಿದೆ, ಹೋಟೆಲ್ ಆಗಿದೆ. ಉಳಿದದ್ದು ಖರ್ಚಿನ ರೊಕ್ಕ ಹೇಗೆ ಒಯ್ಯೋದು ಅನ್ನೋದು. "ತಮ್ಮಾ, ಬ್ಯಾಂಕಿನ್ಯಾಗ ಫಾರೆಕ್ಸ್ ಕಾರ್ಡ್ ಮಾಡಿಸ್ರಿ, ಪೂರಾ ಫ್ರೀ ಐತಿ ಅನ್ನಾಕತ್ತಾರ. ಮಾಡಸ್ಲೇನು?" ಅಂತ ಕೇಳಿದಳು. ಫಾರೆಕ್ಸ್ ಕಾರ್ಡ್ ಅಂದರೆ ಮೊದಲೇ ವಿದೇಶಿ ಹಣ ತುಂಬಿಸಿಕೊಂಡು ಹೊರದೇಶದಲ್ಲಿ ಉಜ್ಜುವ ಪ್ರಿಪೇಯ್ಡ್ ಕಾರ್ಡ್.

ನಾನು ತಕ್ಷಣ ಹೂಂ ಅನ್ನಲಿಲ್ಲ. ಇಂಥದ್ದೇ ಮಾತು ನಂಬಿ ಎರಡು ವರ್ಷದ ಹಿಂದೆ ಥಾಯ್ಲೆಂಡ್‌ಗೆ ಹೋಗಿ ರೊಕ್ಕ ಕಳೆದುಕೊಂಡು ಬಂದಿದ್ದೆ. ಆ ಕಥೆ ಮುಂದೆ ಹೇಳುತ್ತೇನೆ. ಈ ಸಲ ಮಾತ್ರ ಅರ್ಧ ದಿನ ರಜೆ ಹಾಕಿ ಹುಬ್ಬಳ್ಳಿಯಲ್ಲೇ ಮೂರು ಕಡೆ ಹೋಗಿ ಕೇಳಿದೆ. ವಿದ್ಯಾನಗರದ ಒಂದು ಬ್ಯಾಂಕ್ ಶಾಖೆ, ಕೇಶ್ವಾಪುರದ ಇನ್ನೊಂದು ಬ್ಯಾಂಕು, ಕೊಪ್ಪಿಕರ್ ರಸ್ತೆ ಹತ್ತಿರ ವಿದೇಶಿ ಹಣ ಬದಲಾಯಿಸಿ ಕೊಡುವ ಒಂದು ಕೌಂಟರ್. ಮೂರೂ ಕಡೆ ಒಂದೇ ಪ್ರಶ್ನೆ: ಕಾರ್ಡಿನಲ್ಲಿ 2,500 ಸಿಂಗಾಪುರ ಡಾಲರ್ ಇರಬೇಕು, ಅದಕ್ಕೆ ನನ್ನ ಖಾತೆಯಿಂದ ಒಟ್ಟು ಎಷ್ಟು ರೂಪಾಯಿ ಹೋಗುತ್ತದೆ?

ಆ ದಿನ ಗೂಗಲ್‌ನಲ್ಲಿ ಒಂದು ಸಿಂಗಾಪುರ ಡಾಲರ್‌ಗೆ ಹೆಚ್ಚು ಕಡಿಮೆ 70 ರೂಪಾಯಿ ತೋರಿಸುತ್ತಿತ್ತು. ಇದು ಬ್ಯಾಂಕುಗಳು ತಮ್ಮತಮ್ಮಲ್ಲಿ ಕೊಂಡು ಮಾರುವ ದರ. ಈ ದರಕ್ಕೆ ನಮಗೆ ನಿಮಗೆ ಯಾರೂ ಕೊಡುವುದಿಲ್ಲ. ಆದರೆ ಅಳತೆಗೋಲು ಅದೇ.

ಮೊದಲನೆಯವರು ಕಾರ್ಡ್ ಫ್ರೀ, ಲೋಡಿಂಗ್ (ಅಂದರೆ ಹಣ ತುಂಬಿಸುವುದು) ಕೂಡ ಫ್ರೀ ಅಂದರು. ದರ 72. ಎರಡನೆಯವರು ಕಾರ್ಡಿಗೆ 300 ರೂಪಾಯಿ, ಅದರ ಮೇಲೆ ಜಿಎಸ್‌ಟಿ ಅಂದರು. ದರ 70.60. ಮೂರನೇ ಕಡೆ ಮಾತ್ರ ಲೆಕ್ಕವೇ ಹೇಳಲಿಲ್ಲ. ದುಡ್ಡು ಕಟ್ಟಿದ ಮೇಲೆ ಸಿಸ್ಟಮ್‌ನಲ್ಲಿ ಯಾವ ದರ ಬರುತ್ತದೋ ಅದು ಅಂದರು. ಅಲ್ಲಿಂದ ಎದ್ದು ಬಂದೆ.

ಈಗ ಲೆಕ್ಕ ಹಾಕೋಣ. ಮೊದಲನೆಯದರಲ್ಲಿ 2,500ಕ್ಕೆ 1,80,000 ರೂಪಾಯಿ. ಹಣ ಬದಲಾವಣೆಗೆ ಸರ್ಕಾರದ ಜಿಎಸ್‌ಟಿ ಇದೆ, ಅದು 252 ರೂಪಾಯಿ. ಒಟ್ಟು 1,80,252. ಎರಡನೆಯದರಲ್ಲಿ 1,76,500, ಕಾರ್ಡಿನ ಫೀಸು ಜಿಎಸ್‌ಟಿ ಸೇರಿ 354, ಬದಲಾವಣೆಯ ಜಿಎಸ್‌ಟಿ 249. ಒಟ್ಟು 1,77,103. ಅಂದರೆ "ಫ್ರೀ" ಕಾರ್ಡು 3,149 ರೂಪಾಯಿ ತುಟ್ಟಿ. ಹುಬ್ಬಳ್ಳಿ, ಹಾವೇರಿ ಕಡೆಯವರು ವಿದೇಶಕ್ಕೆ ಹೋಗಬೇಕು ಅಂದರೆ ಮೊದಲು ಬೆಂಗಳೂರಿಗೋ ಗೋವಾಕ್ಕೋ ಮುಂಬೈಗೋ ಹೋಗಿಯೇ ವಿಮಾನ ಹತ್ತಬೇಕಲ್ವಾ, ಆ ರೈಲು ಖರ್ಚಿಗೆ ಒದಗುವಷ್ಟು ರೊಕ್ಕ ಇದು.

ಇದನ್ನು ಮಾಮಾಗೆ ಹೇಳಿದೆ. ಅವರದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ. ಪೂರ್ತಿ ಹೇಳುವ ಮೊದಲೇ ಅವರಿಗೆ ತಿಳಿಯಿತು. "ಅಂದ್ರ ದರ ಕೇಳಬಾರ್ದು, ಪಟ್ಟಿ ಕೇಳಬೇಕು" ಅಂದರು. ಮಾರುಕಟ್ಟೆಗೆ ಮಾಲು ಹಾಕಿದ ರೈತರಿಗೆಲ್ಲ ಗೊತ್ತಿರುವ ಮಾತು ಇದು. ಕ್ವಿಂಟಾಲಿಗೆ ಇಷ್ಟು ದರ ಬಿತ್ತು ಅನ್ನುವುದು ಒಂದು. ತೂಕ, ಹಮಾಲಿ ಎಲ್ಲ ಕಳೆದು ಪಟ್ಟಿಯ ಕೊನೆ ಸಾಲಿನಲ್ಲಿ ಬರುವ ರೊಕ್ಕ ಇನ್ನೊಂದು. ಮನೆಗೆ ಬರುವುದು ಕೊನೆ ಸಾಲಿನದು.

ಫಾರೆಕ್ಸ್ ಕಾರ್ಡಿನ ವ್ಯವಹಾರವೂ ಹೀಗೇ. ಕಾರ್ಡ್ ಕೊಡುವವರು ಫೀಸು ಅಂತ ಹೆಸರಿಟ್ಟು ಕೇಳಬಹುದು, ಅಥವಾ ದರದ ಒಳಗೇ ಸೇರಿಸಿಬಿಡಬಹುದು. ಫೀಸು ಕಣ್ಣಿಗೆ ಕಾಣುತ್ತದೆ, ದರದ ಒಳಗಿನದು ಕಾಣುವುದಿಲ್ಲ. ಹಾಗಾಗಿ ಎರಡೇ ಸಂಖ್ಯೆ ಕೇಳಿ. ಕಾರ್ಡಿನಲ್ಲಿ ಎಷ್ಟು ವಿದೇಶಿ ಹಣ ಬೀಳುತ್ತದೆ, ನನ್ನ ಖಾತೆಯಿಂದ ಎಲ್ಲಾ ಸೇರಿ ಎಷ್ಟು ರೂಪಾಯಿ ಹೋಗುತ್ತದೆ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ. ಮೇಲಿನ ಲೆಕ್ಕದಲ್ಲಿ ಒಂದು ಕಡೆ 72.10 ಬಂತು, ಇನ್ನೊಂದು ಕಡೆ 70.84. ಕಾರ್ಡಿನ ಬಣ್ಣ, ಲಾಂಜ್ ಪ್ರವೇಶ, ವಿಮೆ, ಗಿಫ್ಟ್ ವೋಚರ್ ಎಲ್ಲ ಆಮೇಲೆ ನೋಡಿದರಾಯಿತು.

ಜಿಎಸ್‌ಟಿ ವಿಷಯದಲ್ಲಿ ಜನ ಸುಮ್ನೆ ಹೆದರುತ್ತಾರೆ. ಇದು ಪೂರ್ತಿ ಮೊತ್ತದ ಮೇಲೆ ಶೇ. 18 ಅಲ್ಲ. ಒಂದು ಲಕ್ಷದವರೆಗೆ ಬದಲಾಯಿಸಿದರೆ ಮೊತ್ತದ ಶೇ. 1ನ್ನು ಸೇವೆಯ ಬೆಲೆ ಅಂತ ಹಿಡಿದು ಅದರ ಮೇಲೆ ಶೇ. 18. ಅಂದರೆ ಒಟ್ಟಿನ ಮೇಲೆ ಶೇ. 0.18, ಕನಿಷ್ಠ 45 ರೂಪಾಯಿ. ಒಂದು ಲಕ್ಷ ದಾಟಿದ ಭಾಗಕ್ಕೆ ಇನ್ನೂ ಕಡಿಮೆ, ಶೇ. 0.09. ಎಲ್ಲಿ ಹೋದರೂ ಇದು ಹೆಚ್ಚು ಕಡಿಮೆ ಒಂದೇ. ಹಾಗಾಗಿ ಯಾರಾದರೂ "ಟ್ಯಾಕ್ಸ್ ಜಾಸ್ತಿ ಆಗಿದೆ ಸರ್, ಅದಕ್ಕೇ ದರ ಹೀಗೆ" ಅಂದರೆ ಒಪ್ಪಬೇಡಿ.

ಯಾವ ದೇಶದ ಹಣ ತುಂಬಿಸಿದ್ದೀರಿ?

ನನ್ನ ಪ್ರಕಾರ ಜನ ಹೆಚ್ಚು ರೊಕ್ಕ ಕಳೆದುಕೊಳ್ಳುವುದು ಕೌಂಟರ್‌ನಲ್ಲಿ ಅಲ್ಲ, ಇಲ್ಲಿ.

ಥಾಯ್ಲೆಂಡ್‌ಗೆ ಹೊರಟಾಗ ಕೌಂಟರ್‌ನವರು "ಡಾಲರ್ ಹಾಕಿಸ್ಕೊಳ್ರಿ ಸರ್, ಎಲ್ಲಾ ಕಡೆ ನಡೀತದ" ಅಂದಿದ್ದರು. ನಿಜ, ನಡೆಯಿತು. ಕಾರ್ಡು ಎಲ್ಲೂ ನಿಲ್ಲಲಿಲ್ಲ. ಆದರೆ ಕಾರ್ಡಿನಲ್ಲಿ ಇದ್ದದ್ದು ಅಮೆರಿಕದ ಡಾಲರ್, ಅಂಗಡಿಯವರಿಗೆ ಬೇಕಿದ್ದದ್ದು ಬಾತ್. ಪ್ರತಿ ಸಲ ಕಾರ್ಡ್ ಉಜ್ಜಿದಾಗಲೂ ಡಾಲರ್ ಬಾತ್ ಆಗಬೇಕು. ಇದಕ್ಕೆ ಕ್ರಾಸ್ ಕರೆನ್ಸಿ ಚಾರ್ಜ್ ಅನ್ನುತ್ತಾರೆ. ನನ್ನ ಕಾರ್ಡಿಗೆ ಅದು ಶೇ. 3.5 ಇತ್ತು. 1,000 ಡಾಲರ್ ಖರ್ಚು ಮಾಡಿದರೆ 35 ಡಾಲರ್ ಇದಕ್ಕೇ ಹೋಯಿತು. ರೂಪಾಯಿಯನ್ನು ಡಾಲರ್ ಮಾಡುವಾಗ ಒಂದು ಸಲ ಕೊಟ್ಟಿದ್ದೆ, ಡಾಲರನ್ನು ಬಾತ್ ಮಾಡುವಾಗ ಮತ್ತೊಂದು ಸಲ ಕೊಟ್ಟೆ. ಬೇಸರ ಆಗಿದ್ದು ಏನಂದರೆ ಅದೇ ಕಾರ್ಡಿನಲ್ಲಿ ಬಾತ್ ತುಂಬಿಸುವ ಸೌಲಭ್ಯ ಇತ್ತು. ಕೌಂಟರ್‌ನಲ್ಲಿ ಹೇಳಲಿಲ್ಲ. ಊರಿಗೆ ಬಂದು ಆ್ಯಪ್‌ನಲ್ಲಿ ಸ್ಟೇಟ್‌ಮೆಂಟ್ ಸಾಲುಸಾಲಾಗಿ ನೋಡಿದಾಗ ಗೊತ್ತಾಯಿತು.

ಅದರ ಜೊತೆ ಎಟಿಎಂ. ಥಾಯ್ಲೆಂಡ್‌ನಲ್ಲಿ ಹೊರದೇಶದ ಕಾರ್ಡಿನಿಂದ ಹಣ ತೆಗೆದರೆ ಅಲ್ಲಿನ ಬ್ಯಾಂಕುಗಳು ಆಗ ಸಲಕ್ಕೆ ಸುಮಾರು 220 ಬಾತ್ ತೆಗೆದುಕೊಳ್ಳುತ್ತಿದ್ದವು, ನಮ್ಮ ಲೆಕ್ಕದಲ್ಲಿ ಐದುನೂರು ರೂಪಾಯಿ ದಾಟುತ್ತಿತ್ತು. ನಮ್ಮ ಕಾರ್ಡ್ ಕೊಟ್ಟ ಬ್ಯಾಂಕಿನ ಎಟಿಎಂ ಫೀಸು ಬೇರೆ. ನಾನು ಸ್ವಲ್ಪಸ್ವಲ್ಪ ಅಂತ ನಾಲ್ಕು ಸಲ ತೆಗೆದೆ. ಒಂದೇ ಸಲ ತೆಗೆದಿದ್ದರೆ ಮೂರು ಸಲದ ಫೀಸು ಉಳಿಯುತ್ತಿತ್ತು.

ಹಾಗಾಗಿ ಕಾರ್ಡ್ ಆರಿಸುವ ಮೊದಲು ನೋಡಬೇಕಾದ್ದು ಇದು: ನೀವು ಹೋಗುವ ದೇಶದ ಹಣವನ್ನೇ ಆ ಕಾರ್ಡಿನಲ್ಲಿ ತುಂಬಿಸಬಹುದಾ? ಅಮೆರಿಕದ ಡಾಲರ್, ಯೂರೋ, ಪೌಂಡ್, ಸಿಂಗಾಪುರ ಡಾಲರ್, ದಿರ್ಹಮ್, ಆಸ್ಟ್ರೇಲಿಯಾ ಡಾಲರ್ ಇಂಥವು ಬಹುತೇಕ ಮಲ್ಟಿ ಕರೆನ್ಸಿ (ಹಲವು ದೇಶದ ಹಣ ಇಡಬಹುದಾದ) ಕಾರ್ಡುಗಳಲ್ಲಿ ಸಿಗುತ್ತವೆ. ಬಾತ್, ಯೆನ್ ಕೂಡ ಹಲವು ಕಾರ್ಡುಗಳಲ್ಲಿ ಇವೆ. ಮಲೇಷ್ಯಾದ ರಿಂಗಿಟ್ ಕೆಲವರಲ್ಲಿ ಇದೆ, ಕೆಲವರಲ್ಲಿ ಇಲ್ಲ. ವಿಯೆಟ್ನಾಂನ ಡಾಂಗ್, ಇಂಡೋನೇಷ್ಯಾದ ರುಪಿಯಾ ಸಾಮಾನ್ಯವಾಗಿ ಇರುವುದಿಲ್ಲ. ಈಗ ನಮ್ಮ ಕಡೆಯಿಂದಲೂ ತುಂಬಾ ಜನ ವಿಯೆಟ್ನಾಂ, ಬಾಲಿ ಅಂತ ಹೋಗುತ್ತಿದ್ದಾರೆ. ಅವರಿಗೆ ನನ್ನ ನೇರ ಅಭಿಪ್ರಾಯ: ಡಾಲರ್ ತುಂಬಿದ ಫಾರೆಕ್ಸ್ ಕಾರ್ಡ್ ಒಯ್ದು ಅಲ್ಲಿ ಉಜ್ಜುವುದು ನಷ್ಟದ ದಾರಿ. ಕ್ರಾಸ್ ಕರೆನ್ಸಿ ಚಾರ್ಜ್ ಇಲ್ಲ ಅಂತ ಬರಹದಲ್ಲಿ ಕೊಟ್ಟಿರುವ ಕಾರ್ಡ್ ಸಿಕ್ಕರೆ ಸರಿ. ಇಲ್ಲದಿದ್ದರೆ ಮಾರ್ಕಪ್ (ವಿದೇಶಿ ಖರ್ಚಿನ ಮೇಲೆ ಬ್ಯಾಂಕು ಹಾಕುವ ಹೆಚ್ಚಿನ ಚಾರ್ಜ್) ಕಡಿಮೆ ಇರುವ ಕ್ರೆಡಿಟ್ ಅಥವಾ ಡೆಬಿಟ್ ಕಾರ್ಡ್, ಜೊತೆಗೆ ಸ್ವಲ್ಪ ಡಾಲರ್ ನೋಟು ಒಯ್ದು ಅಲ್ಲಿ ಬದಲಾಯಿಸಿಕೊಳ್ಳುವುದು ಮೇಲು.

ಯುರೋಪಿಗೆ ಹೋಗುವವರೂ ಇಲ್ಲಿ ಎಡವುತ್ತಾರೆ. ನಮ್ಮಲ್ಲಿ ಯುರೋಪ್ ಟೂರ್ ಅಂದರೆ ಸ್ವಿಟ್ಜರ್ಲೆಂಡ್ ಇರಲೇಬೇಕು. ಕಾರ್ಡಿಗೆ ಪೂರ್ತಿ ಯೂರೋ ತುಂಬಿಸಿಕೊಂಡು ಹೋಗುತ್ತಾರೆ. ಆದರೆ ಸ್ವಿಟ್ಜರ್ಲೆಂಡ್‌ನ ಹಣ ಯೂರೋ ಅಲ್ಲ, ಫ್ರಾಂಕ್. ಲಂಡನ್ ಸೇರಿಸಿಕೊಂಡರೆ ಅಲ್ಲಿ ಪೌಂಡ್. ಪ್ರವಾಸದ ಎಲ್ಲಕ್ಕಿಂತ ತುಟ್ಟಿ ಎರಡು ಜಾಗದಲ್ಲೇ ಚಾರ್ಜ್ ಬೀಳುತ್ತದೆ.

ದುಬೈ ವಿಷಯದಲ್ಲಿ ಇನ್ನೊಂದು ತಪ್ಪು ತಿಳಿವಳಿಕೆ ಇದೆ. ದಿರ್ಹಮ್ ಅಮೆರಿಕದ ಡಾಲರ್‌ಗೆ ಕಟ್ಟಿದ ಹಣ, 1997ರಿಂದ ಒಂದು ಡಾಲರ್‌ಗೆ 3.6725 ದಿರ್ಹಮ್, ಏರುವುದೂ ಇಲ್ಲ ಇಳಿಯುವುದೂ ಇಲ್ಲ, ಹಾಗಾಗಿ ಡಾಲರ್ ತುಂಬಿಸಿದರೂ ಒಂದೇ ಅಂತ ನನಗೇ ಒಬ್ಬರು ವಾದ ಮಾಡಿದ್ದರು. ದರ ಬದಲಾಗುವುದಿಲ್ಲ ಅನ್ನುವುದು ಸರಿ. ಆದರೆ ಕ್ರಾಸ್ ಕರೆನ್ಸಿ ಚಾರ್ಜ್ ದರ ಏರಿಳಿದದ್ದಕ್ಕೆ ಹಾಕುವುದಲ್ಲ, ಎರಡು ಹಣ ಬೇರೆಬೇರೆ ಆಗಿರುವುದಕ್ಕೆ ಹಾಕುವುದು. ದುಬೈಗೆ ದಿರ್ಹಮ್ಮೇ ತುಂಬಿಸಿ, ಉಮ್ರಾಗೆ ಹೋಗುವವರು ಸೌದಿ ರಿಯಾಲ್ ತುಂಬಿಸಿ.

ಮಲ್ಟಿ ಕರೆನ್ಸಿ ಕಾರ್ಡ್ ಅಂದಾಕ್ಷಣ ಅದೇ ತಾನಾಗಿ ಎಲ್ಲ ಹಣ ಆಗಿಬಿಡುತ್ತದೆ ಅಂತ ಅಂದುಕೊಳ್ಳಬೇಡಿ. ಅದರಲ್ಲಿ ಬೇರೆಬೇರೆ ಜೇಬು ಇರುತ್ತವೆ. ಪ್ರತಿ ಜೇಬಿಗೂ ನೀವೇ ಹಣ ಹಾಕಬೇಕು. ಸಿಂಗಾಪುರ ಡಾಲರ್‌ನ ಜೇಬು ಖಾಲಿಯಾಗಿ ಅಮೆರಿಕದ ಡಾಲರ್ ಜೇಬಿನಲ್ಲಿ ಹಣ ಇದ್ದರೆ, ಹಲವು ಕಾರ್ಡುಗಳು ಹೇಳದೆ ಕೇಳದೆ ಆ ಜೇಬಿನಿಂದ ತೆಗೆದು ಚಾರ್ಜ್ ಹಾಕುತ್ತವೆ. ಆ್ಯಪ್‌ನಲ್ಲಿ ಆಗಾಗ ಬಾಕಿ ನೋಡುತ್ತಿರಿ.

ಕ್ರೆಡಿಟ್ ಕಾರ್ಡೇ ಸಾಕಲ್ವಾ?

ಅಕ್ಕನ ಮಗ ಇದನ್ನೇ ಕೇಳಿದ. ಒಳ್ಳೆ ಪ್ರಶ್ನೆ. ಇದಕ್ಕೆ ಯಾವ ಕ್ರೆಡಿಟ್ ಕಾರ್ಡ್ ಅನ್ನುವುದರ ಮೇಲೆ ಉತ್ತರ.

ಸಾಮಾನ್ಯ ಕ್ರೆಡಿಟ್ ಕಾರ್ಡುಗಳಲ್ಲಿ ವಿದೇಶಿ ಖರ್ಚಿಗೆ ಶೇ. 3.5ರವರೆಗೆ ಮಾರ್ಕಪ್ ಇರುತ್ತದೆ. ಆ ಮಾರ್ಕಪ್ ಮೇಲೆ ಶೇ. 18 ಜಿಎಸ್‌ಟಿ ಸೇರಿದರೆ ಶೇ. 4.13 ಆಗುತ್ತದೆ. ಅಕ್ಕನ 2,500 ಸಿಂಗಾಪುರ ಡಾಲರ್‌ನ ಖರ್ಚಿಗೆ 70ರ ದರ ಹಿಡಿದರೆ ಸುಮಾರು 7,200 ರೂಪಾಯಿ ಬರೀ ಮಾರ್ಕಪ್. ಅದೇ ಖರ್ಚಿಗೆ ಎರಡನೇ ಕೌಂಟರ್‌ನ ಫಾರೆಕ್ಸ್ ಕಾರ್ಡಿನಲ್ಲಿ ಹೆಚ್ಚು ಬಿದ್ದದ್ದು 2,100 ರೂಪಾಯಿ. ಇಂಥ ಕ್ರೆಡಿಟ್ ಕಾರ್ಡ್ ಮುಂದೆ ಒಳ್ಳೆ ದರದ ಫಾರೆಕ್ಸ್ ಕಾರ್ಡ್ ಗೆಲ್ಲುತ್ತದೆ.

ಆದರೆ ಈಗ ಮಾರ್ಕಪ್ ಇಲ್ಲದ, ಜನ ಝೀರೋ ಫಾರೆಕ್ಸ್ ಅನ್ನುವ ಕ್ರೆಡಿಟ್, ಡೆಬಿಟ್ ಕಾರ್ಡುಗಳು ಬಂದಿವೆ. ಅವುಗಳಲ್ಲಿ ವೀಸಾ ಅಥವಾ ಮಾಸ್ಟರ್‌ಕಾರ್ಡ್‌ನ ಆ ದಿನದ ದರ ಬೀಳುತ್ತದೆ, ಅದು ಮಾರುಕಟ್ಟೆ ದರಕ್ಕೆ ತುಂಬಾ ಹತ್ತಿರ. ಬರೀ ರೊಕ್ಕದ ಲೆಕ್ಕ ನೋಡಿದರೆ ಇವು ಬಹುತೇಕ ಫಾರೆಕ್ಸ್ ಕಾರ್ಡಿಗಿಂತ ಅಗ್ಗ. ಇದನ್ನು ನಾನು ಮುಚ್ಚಿಡುವುದಿಲ್ಲ. ಹಾಗಿದ್ದರೆ ಫಾರೆಕ್ಸ್ ಕಾರ್ಡ್ ಯಾಕೆ ಬೇಕು? ನನ್ನ ಮಟ್ಟಿಗೆ ಮೂರು ಕಾರಣ ನಿಜವಾದವು. ತುಂಬಿಸಿದ ದಿನದ ದರವೇ ಕೊನೆತನಕ, ಆಮೇಲೆ ರೂಪಾಯಿ ಕುಸಿದರೂ ಚಿಂತೆ ಇಲ್ಲ. ಕಾರ್ಡ್ ಕಳೆದುಹೋದರೆ ಅದರಲ್ಲಿ ಇರುವಷ್ಟೇ ಹಣಕ್ಕೆ ಅಪಾಯ, ಊರಿನ ಉಳಿತಾಯ ಖಾತೆಗೆ ಕೈ ಹೋಗುವುದಿಲ್ಲ. ಮತ್ತೆ, ಕ್ರೆಡಿಟ್ ಕಾರ್ಡ್ ಎಲ್ಲರಿಗೂ ಸಿಗುವುದಿಲ್ಲ. ನಮ್ಮ ಭಾಗದಲ್ಲಿ ಕೃಷಿ, ಸಣ್ಣ ವ್ಯಾಪಾರ ಮಾಡುವ ಎಷ್ಟೋ ಜನರಿಗೆ, ನಿವೃತ್ತ ಮೇಷ್ಟ್ರುಗಳಿಗೆ, ಗೃಹಿಣಿಯರಿಗೆ ಅರ್ಜಿ ಹಾಕಿದರೂ ಕೊಡುವುದಿಲ್ಲ. ಅವರಿಗೆ ಫಾರೆಕ್ಸ್ ಕಾರ್ಡೇ ಸರಿಯಾದ ದಾರಿ.

ಕ್ರೆಡಿಟ್ ಕಾರ್ಡಿನಿಂದ ಎಟಿಎಂನಲ್ಲಿ ನಗದು ಮಾತ್ರ ತೆಗೆಯಲೇಬೇಡಿ. ತೆಗೆದ ದಿನದಿಂದಲೇ ಬಡ್ಡಿ ಶುರು, ಫೀಸು ಬೇರೆ.

ಇನ್ನು ಕೈಯಲ್ಲಿರುವ ಡೆಬಿಟ್ ಕಾರ್ಡ್. ಅದು ದೇಶದೊಳಗಿನ ರುಪೇ ಕಾರ್ಡ್ ಆಗಿದ್ದರೆ ಹೊರದೇಶದಲ್ಲಿ ಕೆಲಸ ಮಾಡುವುದಿಲ್ಲ. ವೀಸಾ, ಮಾಸ್ಟರ್‌ಕಾರ್ಡ್ ಆಗಿದ್ದರೂ ವಿದೇಶಿ ಬಳಕೆ ಬಂದ್ ಆಗಿರಬಹುದು. 2020ರಿಂದ ರಿಸರ್ವ್ ಬ್ಯಾಂಕ್ ನಿಯಮದಂತೆ ಹೊಸ ಕಾರ್ಡುಗಳು ದೇಶದೊಳಗಿನ ಬಳಕೆಗೆ ಮಾತ್ರ ತೆರೆದಿರುತ್ತವೆ, ವಿದೇಶಿ ಬಳಕೆಯನ್ನು ನಾವೇ ಆ್ಯಪ್‌ನಲ್ಲಿ ಆನ್ ಮಾಡಬೇಕು. ಇದನ್ನು ಊರು ಬಿಡುವ ಮೊದಲೇ ಮಾಡಿ. ಅಲ್ಲಿ ಹೋಗಿ ಒಟಿಪಿ ಬರಲಿಲ್ಲ ಅಂದರೆ ಕಷ್ಟ. ಊರಿನ ಸಿಮ್ ಫೋನಿನಲ್ಲೇ ಇರಲಿ, ಎಸ್‌ಎಂಎಸ್ ಬರುವಂತೆ ರೋಮಿಂಗ್ ಮಾಡಿಸಿಕೊಳ್ಳಿ.

ಯುಪಿಐ ಬಗ್ಗೆಯೂ ಕೇಳುತ್ತಾರೆ. ಸಿಂಗಾಪುರ, ಯುಎಇ, ಫ್ರಾನ್ಸ್, ಮಾರಿಷಸ್, ನೇಪಾಳ, ಭೂತಾನ್, ಶ್ರೀಲಂಕಾದಲ್ಲಿ ಕೆಲವು ಅಂಗಡಿಗಳಲ್ಲಿ ನಡೆಯುತ್ತದೆ. ಶ್ರೀಲಂಕಾ, ಮಾರಿಷಸ್‌ನಲ್ಲಿ 2024ರ ಫೆಬ್ರವರಿಯಲ್ಲಿ ಶುರುವಾಯಿತು. ಆ್ಯಪ್‌ನಲ್ಲಿ ಇಂಟರ್‌ನ್ಯಾಷನಲ್ ಆನ್ ಮಾಡಿಕೊಂಡಿರಬೇಕು. ಸಿಕ್ಕಲ್ಲಿ ಬಳಸಿ, ಆದರೆ ಅದನ್ನೇ ನಂಬಿ ಹೋಗಬೇಡಿ.

ಯಂತ್ರ ಕೇಳುವ ಒಂದು ಪ್ರಶ್ನೆ

ಸಿಂಗಾಪುರದ ಅಂಗಡಿಯಲ್ಲಿ ಕಾರ್ಡ್ ಹಾಕಿದಾಗ ಯಂತ್ರ ಕೆಲವೊಮ್ಮೆ ಕೇಳುತ್ತದೆ: ಬಿಲ್ಲು ಸಿಂಗಾಪುರ ಡಾಲರ್‌ನಲ್ಲಿ ಕೊಡುತ್ತೀರಾ, ರೂಪಾಯಿಯಲ್ಲಿ ಕೊಡುತ್ತೀರಾ? ರೂಪಾಯಿ ಅನ್ನೋದು ನೋಡಿದ ಕೂಡಲೇ ನಮ್ಮವರಿಗೆ ಸಮಾಧಾನ. ಎಷ್ಟು ಹೋಗುತ್ತದೆ ಅಂತ ಸರಿಯಾಗಿ ತಿಳಿಯುತ್ತದಲ್ಲ ಅಂತ ಅದನ್ನೇ ಒತ್ತುತ್ತಾರೆ. ಒತ್ತಬೇಡಿ. ರೂಪಾಯಿ ಒತ್ತಿದರೆ ದರ ನಿರ್ಧಾರ ಮಾಡುವುದು ಆ ಅಂಗಡಿಯ ಕಡೆಯವರು, ಅವರ ಲಾಭ ಅದರಲ್ಲಿ ಸೇರಿರುತ್ತದೆ. ಫಾರೆಕ್ಸ್ ಕಾರ್ಡಿಗಂತೂ ಇದು ಎರಡು ಪಟ್ಟು ಹೊಡೆತ. ನಿಮ್ಮ ಕಾರ್ಡಿನಲ್ಲಿ ಇರುವುದು ಸಿಂಗಾಪುರ ಡಾಲರ್. ಅಂಗಡಿಯ ಬಿಲ್ಲೂ ಸಿಂಗಾಪುರ ಡಾಲರ್. ನಡುವೆ ಸುಮ್ಮನೆ ರೂಪಾಯಿ ತಂದಿಟ್ಟರೆ ಡಾಲರ್ ರೂಪಾಯಿ ಆಗಿ, ರೂಪಾಯಿ ಮತ್ತೆ ಡಾಲರ್ ಆಗಿ, ಎರಡೂ ಕಡೆ ಕಳೆಯುತ್ತದೆ. ಎಟಿಎಂ ಕೂಡ ಇದೇ ಪ್ರಶ್ನೆ ಕೇಳುತ್ತದೆ. ಯಾವ ದೇಶದಲ್ಲಿ ನಿಂತಿದ್ದೀರೋ ಆ ದೇಶದ ಹಣವನ್ನೇ ಒತ್ತಿ. ಮಕ್ಕಳಿಗೂ ಹೇಳಿಡಿ, ನಾನು ಅಕ್ಕನ ಮಗನಿಗೆ ಇದನ್ನೊಂದು ಎರಡು ಸಲ ಹೇಳಿದೆ.

ಹೋಟೆಲ್ ಡೆಪಾಸಿಟ್ ಕೂಡ ನೋಡಿಕೊಳ್ಳಬೇಕಾದ ವಿಷಯ. ಕೋಣೆ ಕೊಡುವಾಗ ಹೋಟೆಲಿನವರು ಕಾರ್ಡ್ ತೆಗೆದುಕೊಂಡು ಒಂದಿಷ್ಟು ಹಣ ತಡೆದಿಡುತ್ತಾರೆ, ಹೋಗುವಾಗ ಬಿಡುತ್ತಾರೆ. ಕ್ರೆಡಿಟ್ ಕಾರ್ಡ್ ಆದರೆ ಲಿಮಿಟ್‌ನಲ್ಲಿ ಸ್ವಲ್ಪ ಕಡಿಮೆ ಆಗುತ್ತದೆ ಅಷ್ಟೇ. ಫಾರೆಕ್ಸ್ ಕಾರ್ಡ್ ಕೊಟ್ಟರೆ ನಿಮ್ಮ ನಿಜವಾದ ರೊಕ್ಕವೇ ಕಟ್ಟಿಹಾಕಿದಂತೆ. ಅದು ವಾಪಸ್ ಕಾಣಿಸಿಕೊಳ್ಳಲು ಎಷ್ಟೋ ದಿನ ಬೇಕು, ಅಷ್ಟರಲ್ಲಿ ನೀವು ಊರಿಗೇ ಬಂದಿರುತ್ತೀರಿ. ಬಾಡಿಗೆ ಕಾರಿನವರಂತೂ ಎಷ್ಟೋ ಕಡೆ ಪ್ರಿಪೇಯ್ಡ್ ಕಾರ್ಡ್ ಒಪ್ಪುವುದೇ ಇಲ್ಲ. ಮನೆಯಲ್ಲಿ ಯಾರದ್ದಾದರೂ ಒಂದು ಕ್ರೆಡಿಟ್ ಕಾರ್ಡ್ ಇದ್ದರೆ ಡೆಪಾಸಿಟ್‌ಗೆ ಅಂತಲೇ ಒಯ್ಯಿರಿ.

ಕಾಯ್ದೆಯ ಮಾತು, ಬೇಕಾದಷ್ಟು

ವಿದೇಶಿ ಹಣ ಕೊಳ್ಳಲು ಪಾಸ್‌ಪೋರ್ಟ್, ಪ್ಯಾನ್, ಟಿಕೆಟ್, ಬೇಕಾದ ಕಡೆ ವೀಸಾ ಕೇಳುತ್ತಾರೆ. ಎ2 ಅನ್ನುವ ಫಾರ್ಮ್‌ಗೆ ಸಹಿ ಹಾಕಬೇಕು. ಪ್ರಯಾಣಕ್ಕೆ 60 ದಿನ ಇರುವಾಗಿನಿಂದ ಕೊಳ್ಳಬಹುದು. 50,000 ರೂಪಾಯಿ ಮೇಲಿನ ಮೊತ್ತಕ್ಕೆ ನಗದು ತೆಗೆದುಕೊಳ್ಳುವುದಿಲ್ಲ, ಖಾತೆಯಿಂದಲೇ ಕಟ್ಟಬೇಕು. ನೋಟಿನ ರೂಪದಲ್ಲಿ ಬಹುತೇಕ ದೇಶಗಳಿಗೆ ಒಂದು ಪ್ರಯಾಣಕ್ಕೆ 3,000 ಅಮೆರಿಕ ಡಾಲರ್ ಬೆಲೆಯಷ್ಟು ಮಾತ್ರ ಕೊಡುತ್ತಾರೆ, ಉಳಿದದ್ದು ಕಾರ್ಡಿನಲ್ಲಿ. ನೇಪಾಳ, ಭೂತಾನ್ ಪ್ರವಾಸಕ್ಕೆ ವಿದೇಶಿ ಹಣವನ್ನೇ ಕೊಡುವುದಿಲ್ಲ, ಅಲ್ಲಿ ನಮ್ಮ ರೂಪಾಯಿ ನಡೆಯುತ್ತದೆ. ಕೌಂಟರ್‌ನವರಿಗೆ ರಿಸರ್ವ್ ಬ್ಯಾಂಕಿನ ಪರವಾನಗಿ ಇದೆಯಾ ಅಂತ ನೋಡಿ, ರಸೀದಿ ತಪ್ಪದೆ ತೆಗೆದುಕೊಳ್ಳಿ.

ಮೂಲದಲ್ಲೇ ವಸೂಲಿ ಮಾಡುವ ತೆರಿಗೆ, ಅಂದರೆ ಟಿಸಿಎಸ್ ಬಗ್ಗೆ ಗೊಂದಲ ಜಾಸ್ತಿ ಇದೆ. ಫಾರೆಕ್ಸ್ ಕಾರ್ಡಿಗೆ ತುಂಬಿಸಿದ್ದು, ನಾವು ಹೊರದೇಶಕ್ಕೆ ಹಣ ಒಯ್ಯಲು ಕಳಿಸಲು ರಿಸರ್ವ್ ಬ್ಯಾಂಕ್ ಇಟ್ಟಿರುವ ಎಲ್‌ಆರ್‌ಎಸ್ ಅನ್ನುವ ಯೋಜನೆಯ ಲೆಕ್ಕಕ್ಕೆ ಬರುತ್ತದೆ. ಒಬ್ಬರಿಗೆ ಒಂದು ಹಣಕಾಸು ವರ್ಷಕ್ಕೆ 2,50,000 ಅಮೆರಿಕ ಡಾಲರ್ ಮಿತಿ, ಸಾಮಾನ್ಯ ಪ್ರವಾಸಿಗೆ ಅದು ಮುಟ್ಟದ ಎತ್ತರ. ಮುಖ್ಯವಾದದ್ದು 10 ಲಕ್ಷ ರೂಪಾಯಿಯ ಗಡಿ. 2025ರ ಮಾರ್ಚ್ 31ರವರೆಗೆ ಇದು 7 ಲಕ್ಷ ಇತ್ತು. ವರ್ಷಕ್ಕೆ 10 ಲಕ್ಷದವರೆಗೆ ಟಿಸಿಎಸ್ ಇಲ್ಲ. ದಾಟಿದ ಭಾಗಕ್ಕೆ ಪ್ರವಾಸದ ಖರ್ಚಾದರೆ ಶೇ. 20. ಕೊಟ್ಟದ್ದು ಹೋಗುವುದಿಲ್ಲ, ರಿಟರ್ನ್ಸ್ ಹಾಕುವಾಗ ತೆರಿಗೆಗೆ ಹೊಂದಿಸಿಕೊಳ್ಳಬಹುದು ಅಥವಾ ವಾಪಸ್ ಪಡೆಯಬಹುದು. ಆದರೆ ಅಲ್ಲಿತನಕ ರೊಕ್ಕ ಸಿಕ್ಕಿಬೀಳುತ್ತದೆ. ಪ್ಯಾಕೇಜ್ ಟೂರ್ ಆದರೆ ಅದರ ಟಿಸಿಎಸ್ ಲೆಕ್ಕ ಬೇರೆ, ಟೂರಿನವರ ಬಿಲ್ಲಿನಲ್ಲೇ ಬರುತ್ತದೆ.

ನಾಲ್ಕು ಜನರ ಸಿಂಗಾಪುರ ಪ್ರವಾಸಕ್ಕೆ 10 ಲಕ್ಷ ಯಾಕೆ ದಾಟುತ್ತದೆ ಅಂತ ಕೇಳಬಹುದು. ದಾಟುವುದಿಲ್ಲ. ಆದರೆ ಧಾರವಾಡ, ಹುಬ್ಬಳ್ಳಿಯ ಎಷ್ಟೋ ಮನೆಗಳಲ್ಲಿ ಮಗನೋ ಮಗಳೋ ಹೊರದೇಶದಲ್ಲಿ ಓದುತ್ತಿದ್ದಾರೆ. ಅಪ್ಪನ ಪ್ಯಾನ್‌ನಿಂದ ಅದೇ ವರ್ಷ ಫೀಸು, ಊಟ-ವಸತಿ ಖರ್ಚು ಅಂತ ರೊಕ್ಕ ಹೋಗಿರುತ್ತದೆ. 10 ಲಕ್ಷದ ಗಡಿ ಎಲ್ಲ ಉದ್ದೇಶಕ್ಕೂ ಸೇರಿ ಒಂದೇ. ಮಗಳನ್ನು ನೋಡಿ ಬರೋಣ ಅಂತ ಅದೇ ಪ್ಯಾನ್‌ನಲ್ಲಿ ಎರಡು ಲಕ್ಷದ ಕಾರ್ಡ್ ಮಾಡಿಸಿದರೆ ಅದರ ಮೇಲೆ 40,000 ರೂಪಾಯಿ ಹಿಡಿಯಬಹುದು. ಅಮ್ಮನಿಗೆ ಸ್ವಂತ ಪ್ಯಾನ್, ಸ್ವಂತ ಖಾತೆಯಲ್ಲಿ ಸ್ವಂತ ಹಣ ಇದ್ದರೆ ಅವರ ಹೆಸರಲ್ಲಿ ಕಾರ್ಡ್ ಮಾಡಿಸಿ, ಅವರಿಗೆ ಬೇರೆ ಗಡಿ.

ಭಾರತದ ಕ್ರೆಡಿಟ್ ಕಾರ್ಡನ್ನು ಹೊರದೇಶದಲ್ಲಿ ಉಜ್ಜಿದ್ದು ಈ ಲೆಕ್ಕಕ್ಕೆ ಬರುವುದಿಲ್ಲ. 2023ರಲ್ಲಿ ಸೇರಿಸಲು ಹೊರಟ ಸರ್ಕಾರ, ಗಲಾಟೆ ಆದ ಮೇಲೆ ಅದನ್ನು ಮುಂದಕ್ಕೆ ಹಾಕಿತು.

ಯಾವಾಗ ತುಂಬಿಸುವುದು

2025ರ ಡಿಸೆಂಬರ್‌ನಲ್ಲಿ ಅಮೆರಿಕದ ಡಾಲರ್ ಮೊದಲ ಸಲ 90 ರೂಪಾಯಿ ದಾಟಿತು. ಅವತ್ತಿನಿಂದ ಎಲ್ಲರೂ ಕೇಳುವುದು ಒಂದೇ, ಈಗಲೇ ತುಂಬಿಸಿಬಿಡೋಣವಾ? ನಾಳೆಯ ದರ ಯಾರಿಗೂ ಗೊತ್ತಿಲ್ಲ, ಗೊತ್ತು ಅನ್ನುವವರನ್ನು ನಂಬಬೇಡಿ. ಮೆಣಸಿನಕಾಯಿಯನ್ನು ಕೋಲ್ಡ್ ಸ್ಟೋರೇಜ್‌ನಲ್ಲಿಟ್ಟು ದರ ಕಾಯುವವರ ಹಾಗೆ ನಾವು ಕಾಯುವ ಅಗತ್ಯ ಇಲ್ಲ, ನಮಗೆ ಹೊರಡುವ ತಾರೀಖು ಗಟ್ಟಿ ಇದೆ. ಎರಡು ಕಂತು ಮಾಡಿ. ಅರ್ಧ ಈಗ, ಅರ್ಧ ಹೊರಡುವ ವಾರ. ಎರಡು ಕಂತು ಮಾಡಿದ್ದಕ್ಕೆ ಅಕ್ಕನ ಲೆಕ್ಕದಲ್ಲಿ ಜಿಎಸ್‌ಟಿ ಎಪ್ಪತ್ತು ರೂಪಾಯಿ ಹತ್ತಿರ ಜಾಸ್ತಿ ಬರುತ್ತದೆ, ಕೆಲವರು ಎರಡನೇ ಸಲ ತುಂಬಿಸುವುದಕ್ಕೂ ಸ್ವಲ್ಪ ಫೀಸು ಹಾಕುತ್ತಾರೆ. ಒಂದೇ ದಿನದ ದರಕ್ಕೆ ಪೂರ್ತಿ ಕಟ್ಟುಬೀಳುವುದಕ್ಕಿಂತ ಅದು ವಾಸಿ ಅಂತ ನನಗೆ ಅನ್ನಿಸುತ್ತದೆ.

ತೀರಾ ಕೊನೆಗೂ ಬಿಡಬೇಡಿ. ನಮ್ಮ ಊರುಗಳಲ್ಲಿ ಇಂಥ ಕೌಂಟರ್ ಕಡಿಮೆ. ಹಾವೇರಿ, ಗದಗದ ಶಾಖೆಯಲ್ಲಿ ಕೇಳಿದರೆ ಹುಬ್ಬಳ್ಳಿಗೆ ಹೋಗಿ ಅನ್ನುವುದು ಮಾಮೂಲು. ಕಾರ್ಡ್ ಬೇರೆ ಊರಿನಿಂದ ಬರಬೇಕಾದರೆ ಇನ್ನಷ್ಟು ದಿನ. ಕೊನೆಗೆ ಆಗಲಿಲ್ಲ ಅಂತ ಬೆಂಗಳೂರು ವಿಮಾನ ನಿಲ್ದಾಣದ ಕೌಂಟರ್‌ನಲ್ಲಿ ಮಧ್ಯರಾತ್ರಿ ಕೊಳ್ಳುವವರಿಗೆ ಸಿಗುವ ದರ ಸಾಮಾನ್ಯವಾಗಿ ಎಲ್ಲಕ್ಕಿಂತ ಕೆಟ್ಟದ್ದು. ಎರಡು-ಮೂರು ವಾರ ಮೊದಲೇ ಶುರು ಮಾಡಿ. ಆನ್‌ಲೈನ್‌ನಲ್ಲೂ ದರ ನೋಡಿ, ಅದನ್ನು ತೋರಿಸಿ ಸ್ಥಳೀಯ ಕೌಂಟರ್‌ನಲ್ಲಿ ಚೌಕಾಶಿ ಮಾಡಿ. ಇದರಲ್ಲಿ ನಾಚಿಕೆ ಏನಿಲ್ಲ. ಕೇಳಿದರೆ ಹತ್ತಿಪ್ಪತ್ತು ಪೈಸೆ ಇಳಿಸುತ್ತಾರೆ. 2,500ಕ್ಕೆ ಇಪ್ಪತ್ತು ಪೈಸೆ ಅಂದರೆ 500 ರೂಪಾಯಿ.

ಜಾಸ್ತಿಯೂ ತುಂಬಿಸಬೇಡಿ. ಉಳಿದದ್ದನ್ನು ರೂಪಾಯಿ ಮಾಡುವಾಗ ಅವರು ಕೊಳ್ಳುವ ದರ ಕೊಡುತ್ತಾರೆ, ಅದು ಮಾರುಕಟ್ಟೆಗಿಂತ ಕೆಳಗೆ. ಹೋಗುವಾಗ ಮೇಲಿನ ದರ, ಬಂದ ಮೇಲೆ ಕೆಳಗಿನ ದರ, ಎರಡೂ ಕಡೆ ನಷ್ಟ. ಕಡಿಮೆ ಬಿದ್ದರೆ ಆ್ಯಪ್‌ನಿಂದ ಮತ್ತೆ ತುಂಬಿಸಬಹುದಾ ಅಂತ ಮೊದಲೇ ಕೇಳಿಕೊಳ್ಳಿ. ವಾಪಸ್ ಬಂದ ಮೇಲೆ 2,000 ಅಮೆರಿಕ ಡಾಲರ್ ಬೆಲೆಯವರೆಗೆ ಇಟ್ಟುಕೊಳ್ಳಬಹುದು, ಅದಕ್ಕಿಂತ ಜಾಸ್ತಿ ಉಳಿದರೆ 180 ದಿನದೊಳಗೆ ಒಪ್ಪಿಸಬೇಕು. ಇಟ್ಟುಕೊಂಡರೂ ಬಳಸದ ಕಾರ್ಡಿಗೆ ಕೆಲವರು ಫೀಸು ಹಾಕುತ್ತಾರೆ, ಅದನ್ನೂ ಮೊದಲೇ ಕೇಳಿ.

ಅಕ್ಕನ ಮನೆಯಲ್ಲಿ ಕೊನೆಗೆ ಹೀಗೆ ಆಯಿತು. ಎರಡನೇ ಕೌಂಟರ್‌ನ ಕಾರ್ಡ್, ಅಕ್ಕನ ಹೆಸರಲ್ಲಿ. ಮೊದಲ ಕಂತು 1,200 ಸಿಂಗಾಪುರ ಡಾಲರ್. ತಿನಿಸು ಮಳಿಗೆಗಳಿಗೆ ಬೇಕಾಗುತ್ತದೆ ಅಂತ 200 ಸಿಂಗಾಪುರ ಡಾಲರ್ ನೋಟಿನಲ್ಲಿ. ಆ ಕಾರ್ಡಿನಲ್ಲಿ ರಿಂಗಿಟ್ ಇರಲಿಲ್ಲ, ಹಾಗಾಗಿ ಮಲೇಷ್ಯಾದ ಎರಡು ದಿನಕ್ಕೆ ರಿಂಗಿಟ್ ನೋಟನ್ನೇ ಕೊಂಡರು. ಹೋಟೆಲ್ ಡೆಪಾಸಿಟ್‌ಗೆ ಮಾಮಾನ ಕ್ರೆಡಿಟ್ ಕಾರ್ಡ್. ಮೊದಲನೆಯದು ಕಳೆದರೆ ಇರಲಿ ಅಂತ ಫಾರೆಕ್ಸ್ ಕಾರ್ಡಿನ ಜೊತೆಗೇ ಬಂದ ಎರಡನೇ ಕಾರ್ಡ್ ಮಾಮಾನ ಚೀಲದಲ್ಲಿ, ಅಕ್ಕನ ಪರ್ಸಿನಲ್ಲಿ ಅಲ್ಲ. ಮಾಮಾ ಕೌಂಟರ್‌ನಲ್ಲಿ ಕೂತು, ಪಟ್ಟಿ ಬರೆದು ಕೊಡ್ರಿ ಅಂತ ಕೇಳಿ, ಕೊನೆ ಸಾಲಿನ ಮೊತ್ತದ ಕೆಳಗೆ ಅವರ ಸಹಿ ಹಾಕಿಸಿಕೊಂಡೇ ಎದ್ದರಂತೆ. ಎರಡನೇ ಕಂತು ಹೊರಡುವ ವಾರ ತುಂಬಿಸುತ್ತಾರೆ.